ಪಾಲನೆಯಿಂದ ಹೊರಬಂದ ಯುವಜನರ ಉನ್ನತ ಶಿಕ್ಷಣ: ಶಿರಸಿ, ಸಿದ್ದಾಪುರ, ಯಲ್ಲಾಪುರ

ಹೆತ್ತವರ ಆಸರೆಯಿಲ್ಲದೆ ಬಾಲಮಂದಿರದಲ್ಲೋ ಪೋಷಕ ಕುಟುಂಬದಲ್ಲೋ ಬಂಧುಗಳ ಮನೆಯಲ್ಲೋ ಬೆಳೆದವರು 18 ವರ್ಷ ತುಂಬಿದ ಮೇಲೆ ಪದವಿ, ಡಿಪ್ಲೊಮಾ ಅಥವಾ ವೃತ್ತಿಶಿಕ್ಷಣ ಮುಗಿಸಲು ಬೇಕಾಗುವ ಹಣ, ವಸತಿ, ದಾಖಲೆ ಮತ್ತು ಮಾರ್ಗದರ್ಶನದ ನೆರವು ಅನುಪಾಲನೆಯ, ಅಂದರೆ ಪಾಲನೆ ಮುಗಿದ ಮೇಲೂ ಮುಂದುವರಿಯುವ ಆಸರೆಯ, ಮುಖ್ಯ ಅಂಗ. ಕರ್ನಾಟಕದಲ್ಲಿ ಇದರ ಹೊಣೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ವಿದ್ಯಾರ್ಥಿ ನಿಲಯ ಮತ್ತು ವಿದ್ಯಾರ್ಥಿವೇತನಗಳು ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಕೈಯಲ್ಲಿವೆ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಆಸರೆ ತಪ್ಪಿದ ಮಕ್ಕಳು ಸಂಸ್ಥೆಗಳಿಗಿಂತ ಹೆಚ್ಚಾಗಿ ನೆಂಟರ ಮನೆಗಳಲ್ಲಿ ಬೆಳೆಯುತ್ತಾರೆ. ಕಾನೂನಿನ ಅನುಪಾಲನೆಯಾದರೋ ಸಂಸ್ಥೆಯಿಂದ ಹೊರಬಂದವರನ್ನೇ ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಿದೆ. ಈ ಪ್ರದೇಶದ ಹೆಚ್ಚಿನ ತೊಡಕುಗಳು ಈ ಅಂತರದಿಂದ ಹುಟ್ಟಿದವು.

ಪ್ರದೇಶ ಮತ್ತು ಹಿನ್ನೆಲೆ

ಮೂರೂ ತಾಲ್ಲೂಕುಗಳು ಅಡಿಕೆ, ಕಾಳುಮೆಣಸು, ಭತ್ತ ಮತ್ತು ಕಾಡಿನ ಉತ್ಪನ್ನಗಳನ್ನು ನಂಬಿಕೊಂಡ ಮಲೆನಾಡು. ತೋಟವಿರುವ ಕಣಿವೆಗೊಂದು ಮನೆ, ಗುಡ್ಡದಾಚೆ ಇನ್ನೊಂದು ಮನೆ ಎಂಬಂತೆ ವಸತಿಗಳು ಚದುರಿವೆ. ಹವ್ಯಕರು, ನಾಮಧಾರಿಗಳು, ಕರೆ ಒಕ್ಕಲಿಗರು, ಪರಿಶಿಷ್ಟ ಜಾತಿಗಳವರು, ಮುಸ್ಲಿಮರು, ಕ್ರೈಸ್ತರು ಇಲ್ಲಿದ್ದಾರೆ. ಯಲ್ಲಾಪುರದ ಕಾಡಿನಂಚಿನಲ್ಲಿ ಸಿದ್ದಿ, ಗೌಳಿ, ಕುಣಬಿ ಮತ್ತು ಮರಾಠಿ ಜನರ ಕೇರಿಗಳಿವೆ. ತೋಟದ ಒಡೆತನವಿರುವ ಮನೆಗೂ ಕೂಲಿಯ ಮನೆಗೂ ಆಪತ್ತನ್ನು ತಾಳಿಕೊಳ್ಳುವ ಶಕ್ತಿಯಲ್ಲಿ ಬಹಳ ವ್ಯತ್ಯಾಸವಿದೆ. ಕೊನೆ ಕೊಯ್ಯುವಾಗ ಅಡಿಕೆ ಮರದಿಂದ ಬಿದ್ದು ಕೊನೆಗೌಡ ತೀರಿಕೊಂಡರೆ ಆ ಮನೆಯ ದುಡಿಮೆಯೇ ನಿಲ್ಲುತ್ತದೆ. ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಸಿದ್ದಾಪುರ ತಾಲ್ಲೂಕಿನಲ್ಲಿಯೂ ಜೀವಗಳನ್ನು ಬಲಿ ಪಡೆದಿದೆ. 2020 ಮತ್ತು 2021ರ ಕೋವಿಡ್ ಅಲೆಗಳು ಇದಕ್ಕೆ ಸೇರಿದವು.

ಆಡಳಿತದ ದೃಷ್ಟಿಯಿಂದ ಜಿಲ್ಲಾ ಕೇಂದ್ರ ಕಾರವಾರ ಘಟ್ಟದ ಕೆಳಗೆ, ಕಡಲ ದಂಡೆಯಲ್ಲಿದೆ. ಶಿಕ್ಷಣ ಇಲಾಖೆ ಮಾತ್ರ ಜಿಲ್ಲೆಯನ್ನು ಕಾರವಾರ ಮತ್ತು ಶಿರಸಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಾಗಿ ವಿಂಗಡಿಸಿಕೊಂಡಿದೆ. ಮೂರೂ ತಾಲ್ಲೂಕುಗಳು ಶಿರಸಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಹೀಗಾಗಿ ಮಗುವಿನ ಶಾಲೆಯ ವಿಚಾರ ಶಿರಸಿಯಲ್ಲಿ, ಅದರ ರಕ್ಷಣೆಯ ಕಡತ ಜಿಲ್ಲಾ ಮಟ್ಟದಲ್ಲಿ ಬೇರೆ ಬೇರೆಯಾಗಿ ನಡೆಯುತ್ತವೆ.

ಹಿಂದಿನ ವ್ಯವಸ್ಥೆಗಳು

ಸರ್ಕಾರದ ಯೋಜನೆಗಳು ಬರುವ ಮೊದಲು ಅನಾಥ ಮಗುವಿನ ಭಾರ ಹೊರುತ್ತಿದ್ದುದು ಕೂಡುಕುಟುಂಬ. ತಂದೆ ಇಲ್ಲದ ಮಗು ದೊಡ್ಡಪ್ಪ, ಚಿಕ್ಕಪ್ಪಂದಿರ ಜೊತೆ ಉಳಿಯುತ್ತಿತ್ತು, ಇಲ್ಲವೆ ಅಜ್ಜನ ಮನೆಗೆ ಹೋಗಿ ಸೋದರಮಾವನ ಆಶ್ರಯದಲ್ಲಿ ಬೆಳೆಯುತ್ತಿತ್ತು. ಊಟ, ಬಟ್ಟೆ, ಪ್ರಾಥಮಿಕ ಶಾಲೆಯವರೆಗೆ ಈ ಏರ್ಪಾಡು ಸಾಕಾಗುತ್ತಿತ್ತು. ಹೈಸ್ಕೂಲು ದೂರವಿದ್ದ ಕಾಲದಲ್ಲಿ ಮುಂದಿನ ಓದು ಪೇಟೆಯಲ್ಲಿ ಯಾರಾದರೂ ಜಾಗ ಕೊಟ್ಟರೆ ಮಾತ್ರ ಸಾಧ್ಯವಿತ್ತು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುವ ವಾರಾನ್ನ ಆ ಕೊರತೆಯನ್ನು ತುಂಬಿತು. ಅದು ಮುಖ್ಯವಾಗಿ ಬ್ರಾಹ್ಮಣ ಹುಡುಗರಿಗೆ ಒದಗಿದ ನೆರವು. ಹುಡುಗಿಯರಿಗೂ ಇತರ ಜಾತಿಗಳ ಮಕ್ಕಳಿಗೂ ಅದರ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು.

ಮಠಗಳ ಉಚಿತ ಊಟ-ವಸತಿ ಇನ್ನೊಂದು ಧಾರೆ. ಶಿರಸಿ ತಾಲ್ಲೂಕಿನ ಸೋಂದಾ ಬಳಿಯ ಸ್ವರ್ಣವಲ್ಲಿ ಮಠದ ಸಂಸ್ಕೃತ ಪಾಠಶಾಲೆ ವೇದ, ಸಂಸ್ಕೃತದ ವಿದ್ಯಾರ್ಥಿಗಳಿಗೆ ನೆಲೆಯಾಯಿತು. ಪದವಿಗೆಂದು ಧಾರವಾಡಕ್ಕೆ ಹೋದ ಬಡ ವಿದ್ಯಾರ್ಥಿಗಳಿಗೆ ಅಲ್ಲಿನ ಮುರುಘಾಮಠದ ಪ್ರಸಾದ ನಿಲಯ ಆಸರೆಯಾಯಿತು. ತುಮಕೂರಿನ ಸಿದ್ಧಗಂಗಾ ಮಠ ಜಾತಿಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ನೀಡಿ ಈ ಪರಂಪರೆಯ ದೊಡ್ಡ ಮಾದರಿಯಾಗಿ ನಿಂತಿತು. ಉತ್ತರ ಕನ್ನಡದಲ್ಲಿ ಹಿಂದುಳಿದವರ ಶಿಕ್ಷಣಕ್ಕೆ ಮಠಗಳ ಹೊರಗಿನ ದಾರಿ ತೆರೆದವರಲ್ಲಿ ದಿನಕರ ದೇಸಾಯಿ ಪ್ರಮುಖರು. ಅವರು 1953ರಲ್ಲಿ ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಜಿಲ್ಲೆಯಲ್ಲಿ ಶಾಲೆ, ಕಾಲೇಜುಗಳ ಜಾಲವನ್ನು ಕಟ್ಟಿತು.

ಕಾನೂನಿನ ಮಾತಿಗೆ ಬಂದರೆ, 1862ರಿಂದ 1956ರವರೆಗೆ ಬೊಂಬಾಯಿ ಪ್ರಾಂತದಲ್ಲಿದ್ದ ಉತ್ತರ ಕನ್ನಡಕ್ಕೆ ಆ ಪ್ರಾಂತದ 1924ರ ಮಕ್ಕಳ ಕಾಯ್ದೆಯೂ ಅದರ ಜಾಗಕ್ಕೆ ಬಂದ 1948ರ ಕಾಯ್ದೆಯೂ ಹಿನ್ನೆಲೆಯಾಗಿದ್ದವು. ಸಂಸ್ಥೆಯಿಂದ ಹೊರಬಂದವರ ಮುಂದಿನ ಬದುಕು ರಾಷ್ಟ್ರಮಟ್ಟದಲ್ಲಿ ಚರ್ಚೆಗೆ ಬಂದದ್ದು 1950ರ ದಶಕದಲ್ಲಿ, ಸಮಾಜವಿಜ್ಞಾನಿ ಎಂ. ಎಸ್. ಗೋರೆ ಅವರ ಅಧ್ಯಕ್ಷತೆಯ ಸಲಹಾ ಸಮಿತಿಯ ಮೂಲಕ. 1986 ಮತ್ತು 2000ದ ಬಾಲ ನ್ಯಾಯ ಕಾಯ್ದೆಗಳ ನಂತರ ಈಗ ಜಾರಿಯಲ್ಲಿರುವುದು 2015ರ ಕಾಯ್ದೆ. ಅದು 2016ರ ಜನವರಿ 15ರಿಂದ ಅನ್ವಯವಾಗುತ್ತಿದೆ.

ಈಗಿನ ಕಾನೂನು

ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ ಪ್ರಕಾರ ಆಸರೆ ಬೇಕಾದ ಮಗುವಿನ ಬಗ್ಗೆ ತೀರ್ಮಾನಿಸುವುದು ಮಕ್ಕಳ ಕಲ್ಯಾಣ ಸಮಿತಿ. ಅದರಲ್ಲಿ ಅಧ್ಯಕ್ಷರಲ್ಲದೆ ನಾಲ್ವರು ಸದಸ್ಯರಿರುತ್ತಾರೆ. ಸಮಿತಿಯ ಆದೇಶಗಳನ್ನು ಜಾರಿಗೆ ತರುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಮಗುವನ್ನು ಸಂಸ್ಥೆಯಲ್ಲಿಡಬಹುದು, 44ನೇ ಸೆಕ್ಷನ್ನಿನ ಅಡಿ ಪೋಷಕ ಕುಟುಂಬಕ್ಕೆ ಒಪ್ಪಿಸಬಹುದು, ಅಥವಾ ಸ್ವಂತ ಮನೆಯಲ್ಲೇ ಉಳಿಸಿ ಪ್ರಾಯೋಜಕತ್ವದ ಹಣ ಕೊಡಬಹುದು. 18 ತುಂಬಿ ಸಂಸ್ಥೆ ಬಿಡುವವರಿಗೆ ಸಮಾಜದಲ್ಲಿ ನೆಲೆಯೂರಲು ಆರ್ಥಿಕ ನೆರವು ನೀಡಲು 46ನೇ ಸೆಕ್ಷನ್ ಅವಕಾಶ ಕೊಡುತ್ತದೆ.

2016ರ ಮಾದರಿ ನಿಯಮಗಳು ಈ ನೆರವನ್ನು ಬಿಡಿಸಿ ಹೇಳುತ್ತವೆ. ಅನುಪಾಲನೆ 21 ವರ್ಷದವರೆಗೆ. ವಿಶೇಷ ಸಂದರ್ಭದಲ್ಲಿ ಇನ್ನೆರಡು ವರ್ಷ. ಆರರಿಂದ ಎಂಟು ಜನ ಒಟ್ಟಿಗಿರುವ ತಾತ್ಕಾಲಿಕ ಗುಂಪು ವಸತಿ, ಉನ್ನತ ಶಿಕ್ಷಣಕ್ಕೆ ವಿದ್ಯಾರ್ಥಿವೇತನ, ಕೌಶಲ ತರಬೇತಿಯ ಅವಧಿಗೆ ಭತ್ಯೆ, ಸ್ವಂತ ಉದ್ಯೋಗಕ್ಕೆ ಸಾಲದ ಏರ್ಪಾಡು, ನಿಯಮಿತವಾಗಿ ಮಾತಾಡಿಸಿ ಸಲಹೆ ಕೊಡುವ ಆಪ್ತಸಮಾಲೋಚಕರ ನೆರವು ಇದರಲ್ಲಿ ಸೇರಿವೆ. ಪ್ರತಿ ಮಗುವಿಗೂ ವೈಯಕ್ತಿಕ ಪಾಲನಾ ಯೋಜನೆ ಬರೆಯಬೇಕೆಂಬ ನಿಯಮ ಈ ವ್ಯವಸ್ಥೆಯ ಬೆನ್ನೆಲುಬು. ಸಂಸ್ಥೆ ಬಿಡುವ ದಿನ ಹತ್ತಿರವಾದಾಗಲ್ಲ, ಮಗು ಒಂಬತ್ತು-ಹತ್ತನೆಯ ತರಗತಿಯಲ್ಲಿರುವಾಗಲೇ ಆ ಯೋಜನೆಯಲ್ಲಿ ಕಾಲೇಜಿನ ಮಾತು ಬಂದರೆ ಮಾತ್ರ ಅದರಿಂದ ಪ್ರಯೋಜನ.

ಕಾಯ್ದೆಯ ವ್ಯಾಖ್ಯೆ ಸಾಂಸ್ಥಿಕ ಪಾಲನೆಯಿಂದ ಹೊರಬಂದವರ ಕುರಿತದ್ದು. ಸೋದರಮಾವನ ಮನೆಯಲ್ಲಿ ಬೆಳೆದ ಹುಡುಗಿ ಎಂದೂ ಸಂಸ್ಥೆಗೆ ಸೇರಿರುವುದಿಲ್ಲ. ಅಷ್ಟೇ ಅಲ್ಲ, ಅವಳ ಹೆಸರು ಸಮಿತಿಯ ಕಡತಕ್ಕೇ ಬಂದಿರುವುದಿಲ್ಲ. ಪೋಷಕತ್ವ ಎಂದು ಕಾನೂನು ಗುರುತಿಸುವುದು ಆಯ್ದು, ಪರಿಶೀಲಿಸಿ, ಮೇಲ್ವಿಚಾರಣೆಗೆ ಒಳಪಡಿಸಿದ ಕುಟುಂಬವನ್ನು. ನೆಂಟರ ಮನೆಯ ಸಾಕಣೆ ಅದರ ಹೊರಗೆ ಉಳಿಯುತ್ತದೆ.

ಹಣದ ನೆರವು

ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿ ಪ್ರಾಯೋಜಕತ್ವ, ಪೋಷಕತ್ವ ಮತ್ತು ಅನುಪಾಲನೆ ಮೂರಕ್ಕೂ ತಿಂಗಳಿಗೆ 4,000 ರೂಪಾಯಿ ನಿಗದಿಪಡಿಸಿದೆ. ಹಿಂದಿನ ಸಮಗ್ರ ಮಕ್ಕಳ ರಕ್ಷಣಾ ಯೋಜನೆಯಲ್ಲಿ ಇದು 2,000 ರೂಪಾಯಿ ಇತ್ತು. ಬಂಧುಗಳ ಮನೆಯಲ್ಲಿರುವ ಮಗುವಿಗೆ ಸಲ್ಲುವುದು ಪ್ರಾಯೋಜಕತ್ವ. ಅದಕ್ಕೆ ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಇತರೆಡೆ 96,000 ರೂಪಾಯಿ ಮೀರಬಾರದು. 18 ತುಂಬಿದೊಡನೆ ಅದು ನಿಲ್ಲುತ್ತದೆ.

ಈ ಗಡುವಿನ ಪರಿಣಾಮವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡಬಹುದು. ಯಲ್ಲಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಜ್ಜಿಯ ಜೊತೆಗಿರುವ ಹುಡುಗ ದ್ವಿತೀಯ ಪಿಯುಸಿಯ ಡಿಸೆಂಬರ್‌ನಲ್ಲಿ 18 ಮುಗಿಸುತ್ತಾನೆ. ಪ್ರಾಯೋಜಕತ್ವದ ಹಣ ಅಲ್ಲಿಗೆ ನಿಂತಿತು. ವಾರ್ಷಿಕ ಪರೀಕ್ಷೆ ಮಾರ್ಚ್ ಹೊತ್ತಿಗೆ, ಸಿಇಟಿ ಏಪ್ರಿಲ್ ಹೊತ್ತಿಗೆ, ಕಾಲೇಜು ಪ್ರವೇಶ ಜೂನ್-ಜುಲೈಗೆ. ವಿದ್ಯಾರ್ಥಿವೇತನ ಖಾತೆಗೆ ಬೀಳುವುದು ಅದಕ್ಕೂ ಎಷ್ಟೋ ತಿಂಗಳ ನಂತರ. ಅರ್ಜಿ ಶುಲ್ಕ, ಪ್ರವೇಶದ ಮುಂಗಡ, ಹೊಸ ಊರಿಗೆ ಹೋಗುವ ಖರ್ಚು ಎಲ್ಲ ಬರುವುದು ಹಣದ ಯಾವ ಮೂಲವೂ ಇಲ್ಲದ ಈ ನಡುವಿನ ಅವಧಿಯಲ್ಲಿ. ಕೊನೆ ಕೊಯ್ಲಿನ ಕಾಲವೂ ಚಳಿಗಾಲದ ಇದೇ ತಿಂಗಳುಗಳಲ್ಲಿ ಬರುತ್ತದೆ. ತೋಟದಲ್ಲಿ ಕೂಲಿ ಸಿಗುತ್ತದೆ. ಓದು ಬಿಟ್ಟು ಕೆಲಸಕ್ಕೆ ಹೋಗುವ ನಿರ್ಧಾರ ಇಲ್ಲಿ ಆಗುವುದೇ ಹೆಚ್ಚು.

ಕೋವಿಡ್‌ನಲ್ಲಿ ಹೆತ್ತವರನ್ನು ಕಳೆದುಕೊಂಡವರಿಗೆ ಮಾತ್ರ ಪ್ರತ್ಯೇಕ ಏರ್ಪಾಡುಗಳಿವೆ. 2021ರ ಮೇ 29ರಂದು ಘೋಷಣೆಯಾದ ಪಿಎಂ ಕೇರ್ಸ್ ಮಕ್ಕಳ ಯೋಜನೆ 18ರಿಂದ 23 ವರ್ಷದವರೆಗೆ ಮಾಸಿಕ ಭತ್ಯೆ, 23ನೇ ವಯಸ್ಸಿಗೆ 10 ಲಕ್ಷ ರೂಪಾಯಿ ಮತ್ತು ಶಿಕ್ಷಣ ಸಾಲದ ಬಡ್ಡಿಯ ನೆರವನ್ನು ಒಳಗೊಂಡಿದೆ. ಅದೇ ವರ್ಷ ಕರ್ನಾಟಕ ಘೋಷಿಸಿದ ಮುಖ್ಯಮಂತ್ರಿ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ, 21 ತುಂಬಿದ ಹೆಣ್ಣುಮಕ್ಕಳಿಗೆ ಓದು, ಮದುವೆ ಅಥವಾ ಸ್ವಉದ್ಯೋಗಕ್ಕೆ 1 ಲಕ್ಷ ರೂಪಾಯಿ ಸೇರಿವೆ. ಮಂಗನ ಕಾಯಿಲೆಯಿಂದಲೋ ಮರದಿಂದ ಬಿದ್ದೋ ತಂದೆ ತೀರಿಕೊಂಡ ಮಗುವಿಗೆ ಈ ಯೋಜನೆಗಳು ಅನ್ವಯಿಸುವುದಿಲ್ಲ.

ಉಳಿದವರು ಸಾಮಾನ್ಯ ಯೋಜನೆಗಳನ್ನೇ ನಂಬಬೇಕು: ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವರ್ಷದ ಹತ್ತು ತಿಂಗಳು 1,500 ರೂಪಾಯಿ ಕೊಡುವ ವಿದ್ಯಾಸಿರಿ, ಸಿಇಟಿ ಮೂಲಕ ವೃತ್ತಿಶಿಕ್ಷಣ ಸೇರುವವರಿಗೆ ನಿಗಮಗಳು ಕೊಡುವ ಅರಿವು ಸಾಲ. ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ 4 ಲಕ್ಷ ರೂಪಾಯಿವರೆಗೆ ಆಸ್ತಿಯ ಅಡಮಾನ ಬೇಡವಾದರೂ ತಂದೆ, ತಾಯಿ ಅಥವಾ ಪಾಲಕರು ಜಂಟಿ ಸಾಲಗಾರರಾಗಿ ಸಹಿ ಹಾಕಬೇಕು. ಹೆತ್ತವರಿಲ್ಲದವರ ಸಾಲದ ಅರ್ಜಿ ನಿಲ್ಲುವುದು ಬಹುಪಾಲು ಈ ಸಹಿಯ ಬಳಿ. ತನ್ನ ಮಕ್ಕಳಿಗಾಗಿ ಈಗಾಗಲೇ ಸೊಸೈಟಿಯಲ್ಲಿ ಸಾಲ ಮಾಡಿರುವ ಮಾವ ಇನ್ನೊಂದು ಸಾಲಕ್ಕೆ ಕೈ ಹಾಕಲು ಹಿಂಜರಿಯುತ್ತಾನೆ.

ದಾಖಲೆ ಮತ್ತು ಆಸ್ತಿ

ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ಹಾಕಲು ಆಧಾರ್‌ಗೆ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್.ಡಿ. ಸಂಖ್ಯೆಯೂ ಬೇಕು. ಹೆತ್ತವರ ಮರಣ ಪ್ರಮಾಣಪತ್ರವನ್ನು ಆ ಕಾಲಕ್ಕೆ ಮಾಡಿಸಿರದಿದ್ದರೆ, ಶಾಲಾ ದಾಖಲೆಯಲ್ಲಿ ತಂದೆಯ ಹೆಸರು ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ ಇದ್ದರೆ ಅರ್ಜಿ ಮುಂದೆ ಹೋಗದು. ಹೆತ್ತವರು ಯಾರೆಂದೇ ತಿಳಿಯದೆ ಸಂಸ್ಥೆಯಲ್ಲಿ ಬೆಳೆದವರಿಗೆ ಜಾತಿ ಪ್ರಮಾಣಪತ್ರವೇ ದೊಡ್ಡ ಗೋಡೆ. ಈ ತೊಂದರೆಗೆ ಪರಿಹಾರವಾಗಿ ಮಹಾರಾಷ್ಟ್ರ 2018ರಲ್ಲಿ ಅನಾಥರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಶೇ. 1ರಷ್ಟು ಪ್ರತ್ಯೇಕ ಮೀಸಲಾತಿ ತಂದಿತು.

ಅಡಿಕೆ ಸೀಮೆಗೆ ವಿಶಿಷ್ಟವಾದ ಇನ್ನೊಂದು ತೊಡಕು ಆಸ್ತಿಯದು. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆ ಆಗದಿದ್ದರೆ ತೋಟ ಇನ್ನೂ ಅಜ್ಜನ ಅಥವಾ ದೊಡ್ಡಪ್ಪನ ಹೆಸರಿನಲ್ಲಿರುತ್ತದೆ. ಆದಾಯ ಲೆಕ್ಕ ಹಾಕುವಾಗ ಇಡೀ ಮನೆಯ ತೋಟ ಗಣನೆಗೆ ಬಂದು ಮಗು ಪ್ರಾಯೋಜಕತ್ವದ ಮಿತಿ ದಾಟುತ್ತದೆ. ಕೈಗೆ ಮಾತ್ರ ತೋಟದ ಉತ್ಪನ್ನದಲ್ಲಿ ಕಾಸೂ ಬರುವುದಿಲ್ಲ. ಪಹಣಿಯಲ್ಲಿ ಹೆಸರಿಲ್ಲದ ಕಾರಣ ಕೃಷಿ ಮತ್ತು ಅರಣ್ಯ ಪದವಿಗಳ ಕೃಷಿಕ ಕೋಟಾಕ್ಕೆ ದಾಖಲೆ ಒದಗಿಸುವುದೂ ಕಷ್ಟ. ಬಡವನಲ್ಲ ಎಂದು ಒಂದು ಕಡೆ, ಕೃಷಿಕನಲ್ಲ ಎಂದು ಇನ್ನೊಂದು ಕಡೆ ತಳ್ಳಿಸಿಕೊಳ್ಳುವ ಈ ಸ್ಥಿತಿಗೆ ಪರಿಹಾರ ವಂಶವೃಕ್ಷ ಮಾಡಿಸಿ ಖಾತೆ ಬದಲಾಯಿಸುವುದು. ಹಿರಿಯರ ಎದುರು ಪಾಲು ಕೇಳಿದರೆ ಇರುವ ಆಶ್ರಯವೂ ತಪ್ಪೀತೆಂಬ ಅಂಜಿಕೆಯಿಂದ 18 ತುಂಬಿದವರೂ ಸುಮ್ಮನಿರುವುದುಂಟು. ತಾಲ್ಲೂಕು ಕಾನೂನು ಸೇವಾ ಸಮಿತಿಗಳ ಉಚಿತ ನೆರವು ಇಲ್ಲಿ ಉಪಯೋಗಕ್ಕೆ ಬರಬಹುದಾದದ್ದು.

ಕಾಲೇಜು ಮತ್ತು ದೂರ

ಮೂರು ತಾಲ್ಲೂಕುಗಳಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ. ಶಿರಸಿಯಲ್ಲಿ ಎಂ.ಎಂ. ಕಲಾ ಮತ್ತು ವಿಜ್ಞಾನ ಕಾಲೇಜು, ಸಿದ್ದಾಪುರದಲ್ಲಿ ಮಹಾತ್ಮಾ ಗಾಂಧಿ ಶತಾಬ್ದಿ ಕಾಲೇಜು, ಮೂರೂ ಪೇಟೆಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಇವು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ. ಶಿರಸಿಯ ಅರಣ್ಯ ಮಹಾವಿದ್ಯಾಲಯ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅಂಗ. ಸ್ಥಳದಲ್ಲೇ ಸಿಗುವ ನಾಲ್ಕು ವರ್ಷದ ವೃತ್ತಿಪರ ಪದವಿ ಅದರದು. ಎಂಜಿನಿಯರಿಂಗ್‌ಗೆ ಹಳಿಯಾಳ, ಕಾರವಾರ, ಭಟ್ಕಳ ಅಥವಾ ಹುಬ್ಬಳ್ಳಿಗೆ, ವೈದ್ಯಕೀಯಕ್ಕೆ ಕಾರವಾರ ಅಥವಾ ಹುಬ್ಬಳ್ಳಿಗೆ ಹೋಗಬೇಕು. ಸಿದ್ದಾಪುರದ ಪೂರ್ವ ಭಾಗದವರಿಗೆ ಸಾಗರ, ಶಿವಮೊಗ್ಗಗಳೇ ಅನುಕೂಲ.

ಮೂರು ವರ್ಷದ ಬಿ.ಎ., ಬಿ.ಕಾಂ. ಪದವಿಯನ್ನು 18ಕ್ಕೆ ಸೇರಿದವರು 21ಕ್ಕೆ ಮುಗಿಸಬಹುದು. ಆದರೆ ಮನೆಯ ಆಪತ್ತಿನಿಂದ ಶಾಲೆ ತಪ್ಪಿಸಿಕೊಂಡು ಒಂದೆರಡು ವರ್ಷ ಹಿಂದೆ ಬಿದ್ದವರಿಗೆ ಅನುಪಾಲನೆಯ ಅವಧಿ ಪದವಿಯ ನಡುವೆಯೇ ಮುಗಿಯುತ್ತದೆ. ನಾಲ್ಕು ವರ್ಷದ ಎಂಜಿನಿಯರಿಂಗ್, ಅದಕ್ಕೂ ದೀರ್ಘವಾದ ವೈದ್ಯಕೀಯ, ಸ್ನಾತಕೋತ್ತರ ಪದವಿ ಯಾವುದೂ 21ರ ಒಳಗೆ ಮುಗಿಯುವಂಥದ್ದಲ್ಲ. ಅದರಿಂದ ಇಷ್ಟವಿದ್ದ ಕೋರ್ಸಿಗಿಂತ ಬೇಗ ಮುಗಿಯುವ ಕೋರ್ಸನ್ನು ಆರಿಸಿಕೊಳ್ಳುವುದು ಸಾಮಾನ್ಯವಾಗಿದೆ.

ಪ್ರಯಾಣದ ವಿಷಯದಲ್ಲಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚನ್ನು ಇಲ್ಲವಾಗಿಸಿತು. ಹುಡುಗರಿಗೆ ರಿಯಾಯಿತಿ ಪಾಸು ಇದೆ. ಬಸ್ಸು ಬಾರದ ಒಳಹಳ್ಳಿಗಳಲ್ಲಿ ಮುಖ್ಯರಸ್ತೆಯವರೆಗಿನ ನಡಿಗೆ, ಮಳೆಗಾಲದಲ್ಲಿ ಹಳ್ಳ ದಾಟುವ ಪಾಡು ಹಾಗೇ ಉಳಿದಿದೆ.

ವಸತಿ ಮತ್ತು ರಜೆ

ಆಸರೆ ತಪ್ಪಿದವರಿಗೆ ಶುಲ್ಕಕ್ಕಿಂತ ವಸತಿಯೇ ಮುಖ್ಯ. ಶಾಲಾ ಹಂತದಲ್ಲಿ ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆಶ್ರಮ ಶಾಲೆಗಳು, ಆಮೇಲೆ ಮೆಟ್ರಿಕ್ ನಂತರದ ವಿದ್ಯಾರ್ಥಿ ನಿಲಯಗಳು ಈ ಭಾಗದಲ್ಲಿ ಅನೇಕರನ್ನು ಪದವಿಯವರೆಗೆ ತಲುಪಿಸಿವೆ. ಅವುಗಳ ಸೀಟು ಹಂಚಿಕೆಯ ಆಧಾರ ಜಾತಿ ವರ್ಗ, ಆದಾಯ ಮತ್ತು ಅಂಕ. ಹೆತ್ತವರಿಲ್ಲದಿರುವುದು ಅಲ್ಲಿ ಮುಖ್ಯ ಮಾನದಂಡವಾಗಿ ಬರುವುದಿಲ್ಲ.

ನಿಲಯದ ದಿನಚರಿ ಎಲ್ಲರಿಗೂ ಮನೆಯಿದೆ ಎಂಬ ಎಣಿಕೆಯ ಮೇಲೆ ನಿಂತಿದೆ. ಪರೀಕ್ಷೆ ಮುಗಿದೊಡನೆ ಅಡುಗೆ ನಿಲ್ಲುತ್ತದೆ, ಹಾಸಿಗೆ, ಟ್ರಂಕು ಖಾಲಿ ಮಾಡಬೇಕಾಗುತ್ತದೆ. ದಸರಾ ರಜೆಯಲ್ಲಿ ಒಂದು ವಾರ ಗೆಳೆಯನ ಮನೆಗೆ ಹೋಗಬಹುದು. ಬೇಸಿಗೆಯ ದೀರ್ಘ ರಜೆಯಲ್ಲಿ ಅದು ಸಾಧ್ಯವಾಗದು. ಬಾಲಮಂದಿರದಿಂದ ಬಂದವರಿಗೆ ಹಿಂದಿನ ಸಂಸ್ಥೆಗೆ ಮರಳಲು ವಯಸ್ಸು ಮೀರಿರುತ್ತದೆ. ಹೀಗಾಗಿ ರಜೆಯನ್ನು ಹೋಟೆಲು, ಬೇಕರಿ, ಕಟ್ಟಡದ ಕೆಲಸಗಳಲ್ಲಿ, ಕೆಲಸದ ಜಾಗದಲ್ಲೇ ಮಲಗಿ ಕಳೆಯುವವರಿದ್ದಾರೆ. ಮಾದರಿ ನಿಯಮದ ಗುಂಪು ವಸತಿ ವರ್ಷವಿಡೀ ತೆರೆದಿರುವಂಥದ್ದು. ಆರೆಂಟು ಜನರ ಅಂಥ ಒಂದು ಬಾಡಿಗೆ ಮನೆ ಶಿರಸಿಯಂಥ ಕಾಲೇಜು ಪೇಟೆಯಲ್ಲಿದ್ದರೆ ಮೂರು ತಾಲ್ಲೂಕುಗಳ ಅಗತ್ಯ ಬಹುಪಾಲು ತೀರುತ್ತದೆ.

ಸಿದ್ದಿ ಸಮುದಾಯ

ವರ್ಗವನ್ನು ಆಧರಿಸಿದ ನೆರವು ಏನು ಮಾಡಬಲ್ಲದು, ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಸಿದ್ದಿಗಳ ಅನುಭವ ನಿದರ್ಶನ. ಆಫ್ರಿಕಾ ಮೂಲದ ಈ ಸಮುದಾಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಮತ್ತು ಸುತ್ತಲಿನ ತಾಲ್ಲೂಕುಗಳಲ್ಲಿ ನೆಲೆಸಿದೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಮೇಲೆ ವಿದ್ಯಾರ್ಥಿವೇತನ, ನಿಲಯ ಮತ್ತು ಮೀಸಲಾತಿ ದೊರೆತವು. ಸಮುದಾಯದ ಮೊದಲ ಪದವೀಧರರಲ್ಲಿ ಒಬ್ಬರೆಂದು ಹೆಸರಾದ ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆದರೆ ಪಂಗಡದ ಸವಲತ್ತು ಶುಲ್ಕ, ಊಟಕ್ಕೆ ಒದಗುತ್ತದೆ. ಕಾಲೇಜಿನ ದಾರಿ ತಿಳಿದವರು ಮನೆಯಲ್ಲಿ ಯಾರೂ ಇಲ್ಲದ, ಹೆತ್ತವರನ್ನೂ ಕಳೆದುಕೊಂಡ ವಿದ್ಯಾರ್ಥಿಗೆ ಬೇಕಾದ ಒಡನಾಟ ಅದರಿಂದ ಬರುವುದಿಲ್ಲ.

ಬೇರೆ ದೇಶಗಳ ಕ್ರಮ

ಇಂಗ್ಲೆಂಡಿನಲ್ಲಿ ಪಾಲನೆಯಿಂದ ಹೊರಬಂದವರಿಗೆ 25 ವರ್ಷದವರೆಗೆ ಸ್ಥಳೀಯ ಆಡಳಿತ ಒಬ್ಬ ವೈಯಕ್ತಿಕ ಸಲಹೆಗಾರರನ್ನು ಒದಗಿಸುತ್ತದೆ. ವಿಶ್ವವಿದ್ಯಾಲಯ ಸೇರಿದವರಿಗೆ 2,000 ಪೌಂಡ್ ಸಹಾಯಧನವಿದೆ. ಅಮೆರಿಕದಲ್ಲಿ 1999ರ ಕಾಯ್ದೆಯಿಂದ ಆರಂಭವಾದ ಚೇಫೀ ಕಾರ್ಯಕ್ರಮದಡಿ ಕಾಲೇಜು ಮತ್ತು ತರಬೇತಿಗೆ ವರ್ಷಕ್ಕೆ 5,000 ಡಾಲರ್‌ವರೆಗಿನ ವೋಚರು ಸಿಗುತ್ತದೆ; 2018ರ ತಿದ್ದುಪಡಿಯಿಂದ ಅದರ ವಯೋಮಿತಿ 26ಕ್ಕೆ ಏರಿದೆ. ರಕ್ಷಣೆ ಮುಗಿಯುವ ವಯಸ್ಸನ್ನು ಓದು ಮುಗಿಯುವ ವಯಸ್ಸಿಗೆ ಹೊಂದಿಸುವುದು ಎರಡೂ ಕಡೆ ಕಂಡುಬರುವ ಪ್ರವೃತ್ತಿ. ಭಾರತದಲ್ಲಿ ಉದಯನ್ ಕೇರ್ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಅಧ್ಯಯನ ಕರ್ನಾಟಕವೂ ಸೇರಿ ಐದು ರಾಜ್ಯಗಳ ಅನುಪಾಲನೆಯನ್ನು ಪರಿಶೀಲಿಸಿ ಈ ವಿಷಯವನ್ನು ನೀತಿಯ ಚರ್ಚೆಗೆ ತಂದಿತು.

ಪದವಿಯ ನಂತರ

ಪದವಿ ಮುಗಿದ ದಿನದಿಂದ ಮೊದಲ ಸಂಬಳದ ದಿನದವರೆಗಿನ ಅವಧಿಯೂ ಶಿಕ್ಷಣದ ನೆರವಿನ ಭಾಗವೆಂದೇ ಪರಿಗಣಿತವಾಗುತ್ತಿದೆ. ಕರ್ನಾಟಕದ ಯುವನಿಧಿ ಯೋಜನೆ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುತ್ತದೆ. ಈ ಮೂರು ತಾಲ್ಲೂಕುಗಳ ಪದವೀಧರರು ಕೆಲಸಕ್ಕೆ ಹುಬ್ಬಳ್ಳಿ, ಬೆಂಗಳೂರು ಅಥವಾ ಗೋವಾಕ್ಕೆ ಹೋಗುವುದು ಹೆಚ್ಚು. ಅಲ್ಲಿ ಕೊಠಡಿಯ ಮುಂಗಡ, ಪರಿಚಯದ ವಿಳಾಸ, ಕಾಯಿಲೆ ಬಿದ್ದಾಗ ಮರಳಲು ಒಂದು ಮನೆ ಇವು ಇತರರಿಗೆ ಕುಟುಂಬದಿಂದ ಬರುತ್ತವೆ. ಅದೇ ಕಾಲೇಜಿನಲ್ಲಿ ಓದಿ ಆ ಊರುಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಈ ಪಾತ್ರ ವಹಿಸಿದ ಕಡೆ ಸಾಂಸ್ಥಿಕ ಅನುಪಾಲನೆಯ ಕೊರತೆ ಒಂದಿಷ್ಟು ತುಂಬುತ್ತದೆ. ಕಾನೂನಿನ ಮಟ್ಟದಲ್ಲಿ ಬಾಕಿಯಿರುವ ತಿದ್ದುಪಡಿಗಳು ಮುಖ್ಯವಾಗಿ ಎರಡು: ಬಂಧುಗಳ ಮನೆಯಲ್ಲಿ ಬೆಳೆದು ಪ್ರಾಯೋಜಕತ್ವ ಪಡೆದವರನ್ನೂ ಅನುಪಾಲನೆಯ ವ್ಯಾಖ್ಯೆಗೆ ಸೇರಿಸುವುದು ಮತ್ತು ನೆರವಿನ ಅವಧಿಯನ್ನು ವಯಸ್ಸಿನ ಬದಲು ಸೇರಿದ ಕೋರ್ಸಿನ ಅವಧಿಗೆ ಕಟ್ಟುವುದು.